ಅಂಗವಿಕಲರ ಮಾಸಾಶನದ ಮರುಪರಿಶೀಲನೆ: ಹಳೆಯ ಪ್ರಮಾಣಪತ್ರ ಇರುವವರು ಏನು ಮಾಡಬೇಕು?

ಪ್ರಶ್ನೆ (ಬಾಗೇಪಲ್ಲಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವವಳು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲಿನ ಶಕ್ತಿ ಹೋಯಿತು; ಈಗ ನನಗೆ 41 ವರ್ಷ. 2009ರಲ್ಲಿ ವೈದ್ಯಕೀಯ ಮಂಡಳಿಯವರು ಕೊಟ್ಟ ಪ್ರಮಾಣಪತ್ರದಲ್ಲಿ ಶೇ 50 ಅಂಗವೈಕಲ್ಯ, ಶಾಶ್ವತ ಎಂದು ಬರೆದಿದೆ. ಅದರ ಆಧಾರದ ಮೇಲೆ ತಿಂಗಳಿಗೆ 800 ರೂಪಾಯಿ ಮಾಸಾಶನ ಬರುತ್ತಿದೆ. ಆ ಹಣದಲ್ಲಿ ಕ್ಯಾಲಿಪರಿನ ಬೆಲ್ಟು, ಬೂಟಿನ ರಿಪೇರಿ ಮತ್ತು ಅಮ್ಮನ ಮಾತ್ರೆಗಳ ಒಂದು ಭಾಗ ನಡೆಯುತ್ತದೆ.

ನಮ್ಮದು ಗಡಿಯ ತಾಲ್ಲೂಕಾದ್ದರಿಂದ ಅರ್ಧ ನೆಂಟರು ಆಂಧ್ರದ ಕಡೆಯವರು. ಅಲ್ಲಿ 2024ರ ಜುಲೈಯಿಂದ ಅಂಗವಿಕಲರ ಪಿಂಚಣಿ 3,000 ರೂಪಾಯಿಯಿಂದ 6,000ಕ್ಕೆ ಏರಿತು. ಮರುವರ್ಷವೇ ಪ್ರಮಾಣಪತ್ರಗಳ ಮರುಪರಿಶೀಲನೆ ನಡೆದು, ಶೇ 40ಕ್ಕಿಂತ ಕಡಿಮೆ ಎಂದು ಕಂಡುಬಂದವರಿಗೆ ನೋಟಿಸುಗಳು ಬಂದವು. ಗೋರಂಟ್ಲದಲ್ಲಿರುವ ನನ್ನ ಚಿಕ್ಕಮ್ಮನ ಮಗನೂ ಮತ್ತೊಮ್ಮೆ ವೈದ್ಯರ ಮುಂದೆ ಹೋಗಿ ಬಂದ. ಆಮೇಲಿನಿಂದ ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಇದೇ ಮಾತು: ಇಲ್ಲಿಯೂ ಹಾಗೆಯೇ ಮಾಡುತ್ತಾರಂತೆ, ಹಳೆಯ ಕಾಗದ ನಡೆಯುವುದಿಲ್ಲವಂತೆ, ಶೇಕಡಾವಾರು ಇಳಿಸುತ್ತಾರಂತೆ. ಯಾರು ಹೇಳಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ನನ್ನ ಹಳೆಯ ಪ್ರಮಾಣಪತ್ರಕ್ಕೆ ಈಗಲೂ ಬೆಲೆ ಇದೆಯೇ? ಮತ್ತೆ ಪರೀಕ್ಷೆ ಮಾಡಿಸಿಕೊಂಡರೆ ಶೇಕಡಾವಾರು ಇಳಿಯುವ ಸಾಧ್ಯತೆ ಇದೆಯೇ? ಇಳಿದರೆ ಯಾರನ್ನು ಕೇಳಬೇಕು? ಅಮ್ಮನಿಗೆ ಫ್ಲೋರೈಡ್ ನೀರು ಕುಡಿದು ಕುಡಿದು ಬೆನ್ನು, ಮಂಡಿ ಎರಡೂ ಸೆಟೆದುಕೊಂಡಿವೆ. ಅವರಿಗೂ ಪ್ರಮಾಣಪತ್ರ ಮಾಡಿಸೋಣವೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಈಗ ಆಸ್ಪತ್ರೆಗೆ ಹೋದರೆ ನನ್ನದಕ್ಕೇ ತೊಂದರೆಯಾದೀತೆಂಬ ಭಯದಿಂದ ಹೋಗಿಲ್ಲ. ಮೊತ್ತ ಚಿಕ್ಕದೆಂದು ಬೇರೆಯವರಿಗೆ ಅನ್ನಿಸಬಹುದು. ಆದರೆ ಪ್ರತಿ ತಿಂಗಳು ಅದು ನನ್ನ ಹೆಸರಿಗೆ ಬರುತ್ತದೆ, ಅಣ್ಣನ ಮುಂದೆ ಕೈಚಾಚದೆ ಖರ್ಚು ಮಾಡಬಹುದಾದದ್ದು ಅದೊಂದೇ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1 (ಚಿಂತಾಮಣಿ, ಹಿಂದೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿದ್ದವನು)

ತಂಗಿ, ಮೊದಲಿಗೆ ನಿಮ್ಮ ಪ್ರಮಾಣಪತ್ರದ ವಿಷಯ. ಅಂಗವಿಕಲರ 1995ರ ಕಾಯ್ದೆ ಇದ್ದಾಗ ಕೊಟ್ಟ ಪ್ರಮಾಣಪತ್ರಗಳು, ಅವುಗಳಲ್ಲಿ ಬರೆದಿರುವ ಅವಧಿಯವರೆಗೆ 2016ರ ಹೊಸ ಕಾಯ್ದೆಯ ಅಡಿಯಲ್ಲಿಯೂ ಮಾನ್ಯವೆಂದು 2017ರ ನಿಯಮಗಳೇ ಹೇಳುತ್ತವೆ. ನಿಮ್ಮದರಲ್ಲಿ ಶಾಶ್ವತ ಎಂದಿರುವುದರಿಂದ ಅದು ತಾನಾಗಿ ರದ್ದಾಗುವ ಕಾಗದವಲ್ಲ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮೂಲಪ್ರತಿಯ ಹಿಂಬದಿಯ ಸಹಿ, ಮೊಹರು ಕೆಲವು ಸಲ ನೋಡಬೇಕಾಗುತ್ತದೆ. ನಾಲ್ಕು ಜೆರಾಕ್ಸ್ ತೆಗೆಸಿ ಬೇರೆ ಬೇರೆ ಕಡೆ ಇಡಿ.

ಆದರೆ ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಲ್ಲದಿದ್ದರೆ ಅದನ್ನು ಮಾಡಿಸಿಕೊಳ್ಳುವುದನ್ನು ಇನ್ನು ಮುಂದಕ್ಕೆ ಹಾಕಬಾರದು. ಕಚೇರಿಗಳು ಒಂದೊಂದಾಗಿ ಅದನ್ನೇ ಕೇಳತೊಡಗಿವೆ. ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಭಾವಚಿತ್ರ ಮತ್ತು ಹಳೆಯ ಪ್ರಮಾಣಪತ್ರ ಸೇರಿಸಿ ಅರ್ಜಿ ಹಾಕಬೇಕು; ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಹಣ ತೆಗೆದುಕೊಳ್ಳದೆ ಮಾಡಿಕೊಡಬೇಕು, ಅದು ಅವರ ಕೆಲಸ. 2024ರ ಅಕ್ಟೋಬರಿನಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ಕಾರ್ಡಿಗೆ ಮೂರು ಬಣ್ಣ ಬಂದಿವೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕೂ ಮೇಲ್ಪಟ್ಟು ನೀಲಿ. ಪ್ರಮಾಣಪತ್ರ ಕೊಡಲು ಆಸ್ಪತ್ರೆಗಿದ್ದ ಒಂದು ತಿಂಗಳ ಗಡುವನ್ನು ಮೂರು ತಿಂಗಳು ಮಾಡಿದ್ದಾರೆ. ಆದ್ದರಿಂದ ಅವಸರ ಬಂದಾಗ ಹಾಕೋಣವೆಂದು ಕಾಯುವುದು ಸರಿಯಲ್ಲ.

ಇನ್ನೊಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ನನ್ನ ಕಾಲದಲ್ಲಿ ಮಾಸಾಶನ ನಿಂತುಹೋಯಿತೆಂದು ಅಳುತ್ತಾ ಬಂದವರಲ್ಲಿ ಬಹುಪಾಲು ಜನರ ಮಾಸಾಶನ ರದ್ದಾಗಿರಲಿಲ್ಲ. ಯಾವುದೋ ಸಂಘದ ಸಾಲಕ್ಕೆಂದು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದಿರುತ್ತಾರೆ, ಆಧಾರ್ ಅಲ್ಲಿಗೆ ಜೋಡಣೆಯಾಗಿರುತ್ತದೆ, ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತಿರುತ್ತದೆ, ಇವರು ಹಳೆಯ ಪಾಸ್‌ಬುಕ್ ಹಿಡಿದುಕೊಂಡು ಕಾಯುತ್ತಿರುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳಿನ ಗೆರೆಗಳೇ ಸವೆದಿದ್ದವು. ಬೆರಳಚ್ಚು ಹೊಂದದೆ ಏಳು ತಿಂಗಳ ಹಣ ಖಾತೆಯಲ್ಲಿಯೇ ಉಳಿದಿತ್ತು. ಅಂತಹವರು ಬ್ಯಾಂಕಿನ ಶಾಖೆಗೇ ಹೋಗಿ ಚೀಟಿ ಬರೆದು ಹಣ ತೆಗೆಯಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ನಿಮ್ಮ ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಫ್ಲೋರೋಸಿಸ್‌ನಿಂದ ನಡು ಬಗ್ಗಿದವರು ಅದನ್ನು ವಯಸ್ಸಿನ ಬೇನೆ ಎಂದುಕೊಂಡು ಸುಮ್ಮನಿದ್ದಾರೆ. ಮೂಳೆ, ಕೀಲುಗಳ ತೊಂದರೆಯಿಂದ ಚಲನೆ ಕುಂದಿದ್ದರೆ ಅದು ಚಲನ ವೈಕಲ್ಯವೇ. ಕಾರಣ ಪೋಲಿಯೊ ಆಗಿರಬೇಕೆಂದೇನೂ ಇಲ್ಲ. ಅವರ ಅರ್ಜಿಗೂ ನಿಮ್ಮ ಕಡತಕ್ಕೂ ಯಾವ ಸಂಬಂಧವೂ ಇಲ್ಲ.

ಉತ್ತರ 2 (ಕೋಲಾರ)

ನನಗೆ ದೃಷ್ಟಿಮಾಂದ್ಯವಿದೆ. ಮರುಪರೀಕ್ಷೆಯಲ್ಲಿ ಶೇಕಡಾವಾರು ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಮೇಲಿನ ಹಿರಿಯರು ಉತ್ತರಿಸಿಲ್ಲ. ಬದಲಾಗುವ ಸಾಧ್ಯತೆ ಇದೆ, ಅದಕ್ಕೆ ಯಾರ ದುರುದ್ದೇಶವೂ ಕಾರಣವಾಗಿರಬೇಕಿಲ್ಲ. ನಿಮ್ಮ 2009ರ ಪ್ರಮಾಣಪತ್ರ ಕೊಡುವಾಗ ಇದ್ದದ್ದು 2001ರ ಮಾರ್ಗಸೂಚಿ. 2016ರ ಕಾಯ್ದೆಯಲ್ಲಿ ಅಂಗವೈಕಲ್ಯಗಳ ಸಂಖ್ಯೆ 7ರಿಂದ 21ಕ್ಕೆ ಏರಿದ ಮೇಲೆ 2018ರಲ್ಲಿ ಅಳತೆಯ ಹೊಸ ಮಾರ್ಗಸೂಚಿ ಬಂತು, 2024ರಲ್ಲಿ ಅದನ್ನೂ ಪರಿಷ್ಕರಿಸಿದರು. ಅಂದರೆ ಕಾಲು ಅದೇ, ಕಣ್ಣು ಅದೇ, ಅಳೆಯುವ ಕೋಲು ಬೇರೆ. ನಿಮ್ಮದು ಶೇ 50 ಆದ್ದರಿಂದ ಐದಾರು ಅಂಕ ಆಚೀಚೆಯಾದರೂ 40ರ ಗೆರೆಯ ಮೇಲೆಯೇ ಇರುತ್ತೀರಿ. ನಿಜವಾದ ಆತಂಕ 40, 42 ಎಂದು ಬರೆಸಿಕೊಂಡವರದು, ಹಾಗೆಯೇ 75ರ ಅಂಚಿನಲ್ಲಿರುವವರದು. ಏಕೆಂದರೆ ಆ ಗೆರೆಯ ಮೇಲಿದ್ದರೆ 1,400 ರೂಪಾಯಿ, ಕೆಳಗಿದ್ದರೆ 800.

ನಾನು ಮರುಪರಿಶೀಲನೆಯ ವಿರೋಧಿಯಲ್ಲ ಎಂಬುದನ್ನೂ ಹೇಳಬೇಕು. ಸುಳ್ಳು ಪ್ರಮಾಣಪತ್ರಗಳಿವೆ, ಅವುಗಳಿಂದ ಮೊದಲು ಅವಮಾನಕ್ಕೆ ಒಳಗಾಗುವವರು ನಾವೇ. ಬಸ್ಸಿನಲ್ಲಿ ಪಾಸು ತೋರಿಸಿದಾಗ ಕಂಡಕ್ಟರು ಎರಡು ಸಲ ಮುಖ ನೋಡುವುದು ಆ ಸುಳ್ಳುಗಳ ದೆಸೆಯಿಂದ. ಆದರೆ ಪರಿಶೀಲನೆ ಮಾಡುವವರು ಹಳ್ಳಿಗೆ ಬರಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಶಿಬಿರ ಹಾಕಲಿ. ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಹೊತ್ತು ತಂದು, ಸಂಬಂಧಪಟ್ಟ ವೈದ್ಯರು ಇಂದು ರಜೆ ಎಂದು ಹೇಳಿ ವಾಪಸು ಕಳುಹಿಸಿದ್ದನ್ನು ನಾನು ಪಕ್ಕದಲ್ಲಿಯೇ ಕುಳಿತು ಕೇಳಿದ್ದೇನೆ. ಆ ಆಟೋ ಬಾಡಿಗೆ ಅವರ ಒಂದು ತಿಂಗಳ ಮಾಸಾಶನಕ್ಕಿಂತ ಹೆಚ್ಚಾಗಿತ್ತು.

ಉತ್ತರ 3 (ಪಾವಗಡ)

ನನ್ನ ಮಗನಿಗೆ 19 ವರ್ಷ, ಬೌದ್ಧಿಕ ಅಂಗವೈಕಲ್ಯ. ಅವನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಮೊತ್ತ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ಪ್ರತಿ ಪರಿಶೀಲನೆಯಲ್ಲಿಯೂ ಅವನ ಪರವಾಗಿ ಮಾತನಾಡುವವರು ಬೇಕಲ್ಲ ಎಂಬುದೇ ನನ್ನ ರಾತ್ರಿಯ ಚಿಂತೆ. ಈಗ ನಾನಿದ್ದೇನೆ. ನೋಟಿಸು ಬಂದರೆ ಓದುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ. ನಾನು ಹೋದ ಮೇಲೆ ನೋಟಿಸು ಬಂದರೆ ಅದು ಬಾಗಿಲ ಸಂದಿಯಲ್ಲಿಯೇ ಉಳಿದು, ಹಾಜರಾಗಲಿಲ್ಲವೆಂಬ ಕಾರಣಕ್ಕೆ ಅವನ ಹೆಸರು ಹೋಗುತ್ತದೆ.

ಇಂತಹ ಮಕ್ಕಳಿರುವವರಿಗೆ ಒಂದು ವಿಷಯ. ಹದಿನೆಂಟು ತುಂಬಿದ ಮೇಲೆ ತಂದೆತಾಯಿಯೂ ಕಾನೂನಿನ ಪ್ರಕಾರ ತಾವಾಗಿ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವದ ಆದೇಶ ಪಡೆಯಬೇಕು. ನಾನು ತುಮಕೂರಿಗೆ ಮೂರು ಸಲ ಓಡಾಡಿ ಪಡೆದೆ. ಅದಿದ್ದರೆ ಬ್ಯಾಂಕಿನಲ್ಲಿ ಅವನ ಖಾತೆಯ ವ್ಯವಹಾರಕ್ಕೆ ಅಡ್ಡಿಯಾಗುವುದಿಲ್ಲ.

ಉತ್ತರ 4 (ತುಮಕೂರು, ಕಾನೂನು ಓದಿದವನು, ಗಾಲಿಕುರ್ಚಿ ಬಳಸುವವನು)

ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿಯೇ ಉತ್ತರವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 58ನೇ ಕಲಮು ಪ್ರಮಾಣೀಕರಣದ್ದು, 59ನೇ ಕಲಮು ಅದರ ವಿರುದ್ಧದ ಮೇಲ್ಮನವಿಯದು. ಶೇಕಡಾವಾರು ಕಡಿಮೆ ಮಾಡಿದ್ದಾರೆಂದು ಅನ್ನಿಸಿದರೆ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಬಹುದು. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಎದ್ದು ಬರಬೇಡಿ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಿಮ್ಮ ಕಡತದ ನಕಲು ಪಡೆಯಿರಿ. ಬಿಪಿಎಲ್ ಕುಟುಂಬದವರಿಗೆ ಅದಕ್ಕೆ ಶುಲ್ಕವಿಲ್ಲ, 30 ದಿನಗಳಲ್ಲಿ ಉತ್ತರ ಬರಬೇಕು.

ಇನ್ನು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ವಿಷಯವನ್ನು ಇಲ್ಲಿ ಹೇಳದಿರಲಾರೆ. ಮಾಸಾಶನ ಇಳಿಯುತ್ತದೆಯೇ, ನಿಲ್ಲುತ್ತದೆಯೇ ಎಂದು ನಾವು ಹೆದರುತ್ತಿದ್ದೇವೆ. ಆದರೆ ಕಾಯ್ದೆಯ ಪ್ರಕಾರ ನಮಗೆ ಸಿಗಬೇಕಾದದ್ದೇ ಸಿಗುತ್ತಿಲ್ಲ. 24ನೇ ಕಲಮಿನಲ್ಲಿ, ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಅಂತಹುದೇ ಯೋಜನೆಗಳಲ್ಲಿ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಾಗಿರಬೇಕೆಂದು ಸ್ಪಷ್ಟವಾಗಿದೆ. ನಮ್ಮ ರಾಜ್ಯದಲ್ಲಿ ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಅದಕ್ಕೆ ಕಾಲುಭಾಗ ಸೇರಿಸಿದರೆ 1,500 ಆಗುತ್ತದೆ. ವಿಧವಾ ವೇತನದ 800ಕ್ಕೆ ಹೋಲಿಸಿದರೂ 1,000 ಆಗಬೇಕು. ಶೇ 50 ಇರುವ ಈ ಸಹೋದರಿಗೆ ಬರುತ್ತಿರುವುದು 800. ಕೇಂದ್ರದ ಪಾಲಂತೂ ಶೇ 80 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಬಡ ಕುಟುಂಬದವರಿಗೆ ಮಾತ್ರ, ಅದೂ 2012ರಿಂದ 300 ರೂಪಾಯಿಯಲ್ಲೇ ನಿಂತಿದೆ. ಬದಲಾವಣೆ ಎಂದ ಕೂಡಲೇ ನಾವು ಮುದುಡಿಕೊಳ್ಳುತ್ತೇವಲ್ಲ, ಈ ಬದಲಾವಣೆಯನ್ನು ನಾವೇ ಕೇಳಬೇಕಾಗಿದೆ. ತಹಶೀಲ್ದಾರರು ನಡೆಸುವ ಪಿಂಚಣಿ ಅದಾಲತ್ತಿನಲ್ಲಿ ನಾನು ಇದನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅಲ್ಲಿ ತೀರ್ಮಾನವಾಗುವ ವಿಷಯ ಇದಲ್ಲವೆಂದು ಗೊತ್ತು. ಆದರೂ ತಾಲ್ಲೂಕಿಗೆ ಹತ್ತು ಜನ ಬರೆದರೆ ಕಡತದಲ್ಲಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎರಡು ಸಲ ಓದಿ, ಅಮ್ಮನಿಗೂ ಓದಿ ಹೇಳಿದೆ. ಪಾವಗಡದ ಅಕ್ಕ, ನಿಮ್ಮ ಮಾತು ಕೇಳಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ನನ್ನ ಬಗ್ಗೆ ಅವರಿಗೂ ಇದೇ ಚಿಂತೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಯುಡಿಐಡಿ ಅರ್ಜಿಗೆ ಪಂಚಾಯಿತಿಯವರೊಂದಿಗೆ ಮಾತನಾಡಿದ್ದೇನೆ, ಸೋಮವಾರ ಬರಲು ಹೇಳಿದ್ದಾರೆ. ಅಮ್ಮನ ಅರ್ಜಿಯನ್ನೂ ಅಂದೇ ಹಾಕಿಸುತ್ತೇನೆ.

ಒಂದು ಸಂದೇಹ ಉಳಿದಿದೆ. ಅಣ್ಣ ಗೂಡ್ಸ್ ಗಾಡಿಯ ಸಾಲಕ್ಕಾಗಿ ಆದಾಯ ತೆರಿಗೆ ವಿವರ ಸಲ್ಲಿಸಿದ್ದಾನೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಗದ್ದಲವಾದಾಗ ನಮ್ಮದು ಉಳಿಯಿತು. ಮುಂದೆ ಅದು ಹೋದರೆ ನನ್ನ ಮಾಸಾಶನವೂ ಹೋಗುತ್ತದೆಯೇ?

ಉತ್ತರ 5 (ಚಿಂತಾಮಣಿ)

ತಂಗಿ, ಮಾಸಾಶನಕ್ಕೆ ನೋಡುವುದು ನಾಡಕಚೇರಿಯ ವರಮಾನ ಪ್ರಮಾಣಪತ್ರವನ್ನು. ಅದು ಐದು ವರ್ಷ ನಡೆಯುತ್ತದೆ. ನಿಮ್ಮದು ಯಾವ ವರ್ಷದ್ದೆಂದು ಇಂದೇ ತೆಗೆದು ನೋಡಿ. ಅಣ್ಣನ ಸಂಸಾರ ಬೇರೆಯಾಗಿದ್ದರೆ, ಒಲೆ ಬೇರೆ ಹೂಡಿದ್ದರೆ, ಪಡಿತರ ಚೀಟಿಯಲ್ಲಿಯೂ ಬೇರೆಯಾಗಲು ಅರ್ಜಿ ಕೊಡಬಹುದು. ಒಂದೇ ಒಲೆಯಾಗಿದ್ದರೆ ಬೇರೆ ಎಂದು ಸುಳ್ಳು ಬರೆಸಬೇಡಿ, ಮುಂದೆ ಅದೇ ತೊಡಕಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದಾಗ ನಿಮ್ಮ ಹೊಲಿಗೆಯ ಸಂಪಾದನೆ ಎಷ್ಟೆಂದು ಇದ್ದದ್ದು ಇದ್ದ ಹಾಗೆ ಹೇಳಿ. ಸೋಮವಾರ ಹೋಗುವಾಗ 2009ರ ಮೂಲಪ್ರತಿಯನ್ನು ಅವರ ಕೈಯಲ್ಲಿ ಬಿಟ್ಟು ಬರಬೇಡಿ. ತೋರಿಸಿ ವಾಪಸು ತೆಗೆದುಕೊಂಡು ಬನ್ನಿ.