‘ಊದ್’, ‘ಬಖೂರ್’: ಎರಡಕ್ಕೂ ‘ಧೂಪ’ ಎಂದರೆ ಸಾಕೇ?

ಪ್ರಶ್ನೆ: ಕೊಲ್ಲಿ ದೇಶದ ಸುಗಂಧದ ಪೊಟ್ಟಣವೊಂದರ ಬಳಕೆಯ ವಿವರವನ್ನು ಕನ್ನಡಕ್ಕೆ ತರಬೇಕಾಗಿದೆ. ಊದ್, ಬಖೂರ್, ದುಹ್ನ್ ಅಲ್ ಊದ್, ಮಬ್‌ಖರಾ ಎಂಬ ಪದಗಳಿವೆ. ಮೊದಲೆರಡಕ್ಕೂ ‘ಧೂಪ’ ಎನ್ನಬಹುದೇ? ನಮ್ಮ ‘ಊದುಬತ್ತಿ’ಯಲ್ಲಿರುವುದು ಇದೇ ಊದ್ ಇರಬಹುದೇ, ಇಲ್ಲ ‘ಊದು’ ಎಂಬ ಕ್ರಿಯಾಪದವೇ?

ಉತ್ತರ: ಎರಡಕ್ಕೂ ಒಂದೇ ಪದ ಬೇಡ. ಬಿಸಿಗೆ ಎರಡೂ ಬೇರೆ ಬೇರೆ ರೀತಿ ವರ್ತಿಸುತ್ತವೆ.

ಅರಬ್ಬಿಯಲ್ಲಿ ಊದ್ ಎಂದರೆ ಮೂಲತಃ ಕಟ್ಟಿಗೆ, ಕಡ್ಡಿ. ಅದೇ ಹೆಸರಿನ ತಂತಿವಾದ್ಯವೂ ಇದೆ. ಸುಗಂಧದ ಮಾತಿನಲ್ಲಿ ಅದು ರಾಳ ತುಂಬಿದ ಅಗರು ಚಕ್ಕೆ. ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆ ಬಿಳುಪು, ಹಗುರ, ಪರಿಮಳವಿಲ್ಲ. ಹುಳು ಕೊರೆದು ಬೂಷ್ಟು ಹತ್ತಿದ ಕಡೆ ಮಾತ್ರ ಮರ ತನ್ನ ರಕ್ಷಣೆಗೆ ರಾಳ ತುಂಬಿಕೊಂಡು ಕಪ್ಪಾಗುತ್ತದೆ. ಅಮರಕೋಶ ಅಗರುವಿಗೆ ‘ಕೃಮಿಜ’ (ಹುಳುವಿನಿಂದ ಹುಟ್ಟಿದ್ದು) ಎಂಬ ಹೆಸರನ್ನೂ ಕೊಡುತ್ತದೆ, ಬಹಳ ಒಪ್ಪುವ ಹೆಸರು. ‘ಅ-ಗುರು, ಭಾರವಿಲ್ಲದ್ದು’ ಎಂಬ ನಿಷ್ಪತ್ತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಉತ್ತಮ ಚಕ್ಕೆ ನೀರಿನಲ್ಲಿ ಮುಳುಗುತ್ತದೆ! ತಮಿಳಿನ ಅಕಿಲ್, ನಮ್ಮ ಅಗಿಲು ಇವುಗಳ ಕಡೆಯಿಂದಲೇ ಸಂಸ್ಕೃತದ ಪದ ಬಂದಿತೆಂಬ ವಾದ ಹೆಚ್ಚು ಸರಿಯೆನಿಸುತ್ತದೆ.

ಬಖೂರ್ ಎಂದರೆ ಹೊಗೆ ಹಾಕುವ ಯಾವುದೇ ಸುಗಂಧದ್ರವ್ಯ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಬೆರಕೆ: ಅಗರು ಪುಡಿಗೆ ಅತ್ತರು, ಕಸ್ತೂರಿ, ಗಂಧದೆಣ್ಣೆ, ಹಲವು ಸಲ ಸಕ್ಕರೆ ಪಾಕ. ಉಂಡೆ ಕಟ್ಟಿದ್ದಕ್ಕೆ ಮಅಮೂಲ್ ಎನ್ನುತ್ತಾರೆ. ನಿಮ್ಮ ವಿವರಕ್ಕೆ ‘ಅಗರು ಚಕ್ಕೆ’, ‘ಬಖೂರ್ (ಬೆರಕೆ ಧೂಪ)’ ಎಂದು ಹಾಕಿ.

ಕ್ರಿಯಾಪದದಲ್ಲೂ ಎಚ್ಚರ ಬೇಕು. ‘ಸುಡಿ’ ಎಂದು ಬರೆಯಬೇಡಿ, ‘ಹೊಗೆಯಾಡಿಸಿ’ ಎನ್ನಿ. ಇದ್ದಿಲ ಬಿಲ್ಲೆಯ ಮೇಲೆ ಬೂದಿ ಕಟ್ಟಲು ಸುಮಾರು 10 ನಿಮಿಷ ಬೇಕು. ಬೇಗ ಹೊತ್ತುವ ಬಿಲ್ಲೆಗಳಲ್ಲಿ ಪೆಟ್ಲುಪ್ಪು ಇರುತ್ತದೆ. ಅದು ಉರಿದು ಮುಗಿಯುವ ಮೊದಲೇ ಚಕ್ಕೆ ಇಟ್ಟರೆ ಪಟಾಕಿಯ ವಾಸನೆಯೇ ಮೇಲಾಗುತ್ತದೆ. ಕಾಲು ಗ್ರಾಂ ಚಕ್ಕೆ ಸಾಕು, ಅದೂ ಕೆಂಡದ ಅಂಚಿನಲ್ಲಿ. ರಾಳ ನೊರೆಯಾಗಿ ಕುದಿಯಬೇಕು, ಕಟ್ಟಿಗೆಗೆ ಉರಿ ಹತ್ತಬಾರದು. ಸಕ್ಕರೆಯ ಬಖೂರನ್ನು ಕೆಂಡದ ಮೇಲೆ ನೇರವಾಗಿ ಇಟ್ಟರೆ ಪಾಕ ಕರಕಲಾಗಿ ಕಣ್ಣು ಉರಿಸುತ್ತದೆ. ನಡುವೆ ಬೂದಿಯ ಪದರವೋ ಅಲ್ಯೂಮಿನಿಯಂ ಹಾಳೆಯೋ ಇರಲಿ.

ದುಹ್ನ್ ಎಂದರೆ ಎಣ್ಣೆ, ಆದ್ದರಿಂದ ‘ಅಗರೆಣ್ಣೆ’. ‘ಹಚ್ಚಿ’ ಎಂದಷ್ಟೇ ಬರೆದರೆ ಓದುಗರು ದೀಪದಂತೆ ಹೊತ್ತಿಸಬಹುದು, ‘ಮೈಗೆ ಸವರಿ’ ಎಂದೇ ಬರೆಯಿರಿ. ಚಕ್ಕೆಯನ್ನು ವಾರಗಟ್ಟಲೆ ನೀರಲ್ಲಿ ಕೊಳೆಸಿ ಭಟ್ಟಿ ಇಳಿಸಿದ ‘ಹಿಂದಿ’ ಊದ್‌ಗೆ, ಅಂದರೆ ಅಸ್ಸಾಮಿನ ಕಡೆಯದಕ್ಕೆ, ಕೊಟ್ಟಿಗೆಯಂಥ ಘಾಟು ಇರುತ್ತದೆ. ಅದು ಕೆಟ್ಟ ಮಾಲಲ್ಲ. ಅಳತೆಯ ‘ತೂಲಾ’ ನಮ್ಮ ತೊಲವೇ, ಕೊಲ್ಲಿಯಲ್ಲಿ ಸುಮಾರು 12 ಮಿ.ಲೀ. ಮಬ್‌ಖರಾಗೆ ‘ಧೂಪದಾನಿ’ ಇದೆ.

ಇನ್ನು ಊದುಬತ್ತಿ. ಅದು ಅರಬ್ಬಿಯ ಊದ್ ಪದವೇ. ‘ಊದುಗೊಳವೆ’ಯಲ್ಲಿ ಕ್ರಿಯಾಪದವಿರುವುದರಿಂದ ಗೊಂದಲವಾಗುತ್ತದೆ, ಆದರೆ ಹಳ್ಳಿಯ ಮಾತು ‘ಊದಿನಕಡ್ಡಿ’ಯನ್ನು ನೋಡಿ. ‘ಊದಿನ’ ಎಂದು ಷಷ್ಠಿ ವಿಭಕ್ತಿ ಹತ್ತಿದೆ, ಅಂದರೆ ಊದು ಇಲ್ಲಿ ನಾಮಪದ. ಕ್ರಿಯೆಯಾಗಿದ್ದರೆ ‘ಊದುವ ಕಡ್ಡಿ’ ಎನ್ನಬೇಕಿತ್ತು. ಮರಾಠಿಯಲ್ಲೂ ‘ಉದಬತ್ತಿ’ಯೇ, ಅಲ್ಲಿ ಗಾಳಿ ಊದುವುದಕ್ಕೆ ‘ಫುಂಕಣೆ’.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಂದು ಸೇರ್ಪಡೆ. ಪೊಟ್ಟಣದಲ್ಲಿ ‘ಲುಬಾನ್’ ಕಂಡರೆ ‘ಲೋಬಾನ’ ಎಂದು ಬರೆಯಬೇಡಿ. ಒಮಾನಿನ ಧೋಫಾರದ ಲುಬಾನ್ ಬೇರೊಂದು ಮರದ ಅಂಟು. ನಮ್ಮಲ್ಲಿ ಲೋಬಾನವೆಂದರೆ ಸಾಂಬ್ರಾಣಿ. ಅರಬರು ಸಾಂಬ್ರಾಣಿಯನ್ನು ‘ಲುಬಾನ್ ಜಾವಿ’, ಜಾವಾದ ಲುಬಾನ್, ಎಂದು ಪ್ರತ್ಯೇಕಿಸುತ್ತಾರೆ. ‘ಜಾವಿ’ ಇಲ್ಲದಿದ್ದರೆ ‘ಒಮಾನಿ ಲುಬಾನ್’ ಎಂದು ಮೂಲದ ಹೆಸರನ್ನೇ ಉಳಿಸಿ.