ಓದುಗರ ಸ್ಪಂದನ: ಚಿಕ್ಕಪ್ಪನ ಟ್ರಂಕಿನಲ್ಲಿ ಅಪ್ಪನ ಪತ್ರಗಳು

ಕಳೆದ ಸಂಚಿಕೆಯಲ್ಲಿ ಓದುಗಿಯೊಬ್ಬರು ಕೇಳಿದ್ದ ಪ್ರಶ್ನೆ ನೆನಪಿರಬಹುದು. ಅವರ ತಂದೆ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆ ಯುದ್ಧವಾದಾಗ, ಪಶ್ಚಿಮ ಗಡಿಯ ಶಕರ್‌ಗಢ ಭಾಗದಲ್ಲಿದ್ದವರು. ಆಗ ಹೆಂಡತಿಗೆ ಬರೆದ ಪತ್ರಗಳಲ್ಲೆಲ್ಲ ಒಂದೇ ಮಾತು: 'ನಾವು ತುಂಬಾ ಹಿಂದೆ ಇದ್ದೇವೆ, ರಸ್ತೆ ಸೇತುವೆ ಕೆಲಸ, ಚಿಂತೆ ಬೇಡ.' ಓದು ಬಾರದ ಅತ್ತಿಗೆಗೆ ಅವನ್ನು ಓದಿ ಹೇಳುತ್ತಿದ್ದವರು ಚಿಕ್ಕಪ್ಪ. ಈಗ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಇನ್ನೊಂದು ಕಟ್ಟು ಸಿಕ್ಕಿದೆ. ಅದೇ ದಿನಗಳಲ್ಲಿ ಅಣ್ಣ ತಮ್ಮನಿಗೆ ಬರೆದದ್ದು. ಅದರಲ್ಲಿ ನೆಲಬಾಂಬುಗಳು, ಅಂದರೆ ಮೈನ್‌ಗಳಿವೆ, ಪಕ್ಕದಲ್ಲೇ ಸತ್ತ ಗೆಳೆಯನಿದ್ದಾನೆ, ನಿಲ್ಲದ ಕೈನಡುಕವಿದೆ. ಪ್ರತಿ ಪತ್ರದ ಕೊನೆಗೂ 'ಅವಳಿಗೆ ಹೇಳಬೇಡ' ಎಂದಿದೆ. ಅಪ್ಪ ಹೋಗಿ ಬಹಳ ವರ್ಷವಾಯಿತು. ಅಮ್ಮ ಅವರನ್ನು ಕೊನೆಯವರೆಗೂ 'ಪಿಡಬ್ಲ್ಯೂಡಿ ಸಿಪಾಯಿ' ಎಂದು ಛೇಡಿಸಿದವರು. ಅಪ್ಪನ ಸಿಟ್ಟು, ರಾತ್ರಿ ಎದ್ದು ಕೂರುತ್ತಿದ್ದದ್ದು, ಇದ್ಯಾವುದಕ್ಕೂ ಅಮ್ಮನಿಗೆ ಕಾರಣ ತಿಳಿಯದು. ಈ ಪತ್ರಗಳನ್ನು ಅಮ್ಮನಿಗೆ ಓದಿ ಹೇಳಬೇಕೇ, ಬೇಡವೇ?

ನಾವು ಎಣಿಸಿದ್ದಕ್ಕಿಂತ ಜಾಸ್ತಿ ಪತ್ರಗಳು ಬಂದಿವೆ. ಮನೆಯೊಳಗಿನ ಮಾತಾದ್ದರಿಂದ ಈ ಸಲ ಯಾರ ಹೆಸರನ್ನೂ ಹಾಕಿಲ್ಲ. ಎಲ್ಲಕ್ಕಿಂತ ಮೊದಲು ಬಂದದ್ದು, ಎಲ್ಲಕ್ಕಿಂತ ಚಿಕ್ಕದು:

ಚಿಕ್ಕಪ್ಪನಿಗೆ ಬರೆದ ಪತ್ರವನ್ನು ನೀವು ಬಿಡಿಸಿ ಓದಿದ್ದೇ ಸರಿಯಲ್ಲ. ಈಗ ವಯಸ್ಸಾದ ಅಮ್ಮನನ್ನೂ ಅದರೊಳಕ್ಕೆ ಯಾಕೆ ಎಳೆಯುತ್ತೀರಿ? ಕಟ್ಟನ್ನು ಇದ್ದಲ್ಲೇ ಇಡಿ.
(ಓದುಗರು, ದಾವಣಗೆರೆ)

ಇದೇ ಅಭಿಪ್ರಾಯದವರು ಇನ್ನೂ ಕೆಲವರಿದ್ದಾರೆ. ಆದರೆ ಅವರಲ್ಲಿ ಒಬ್ಬರು ಕಾರಣವನ್ನೂ ಕೊಟ್ಟಿದ್ದಾರೆ. ಅವರೂ ಸ್ಯಾಪರ್ ಆಗಿದ್ದವರು.

ಮಗಳೇ, ನಿಮ್ಮ ಅಪ್ಪ ಅಮ್ಮನಿಗೆ ಸುಳ್ಳು ಹೇಳಿಲ್ಲ. ರಸ್ತೆ, ಸೇತುವೆ ಎಲ್ಲ ನಮ್ಮದೇ ಕೆಲಸ. ಆ ರಸ್ತೆ ಎಲ್ಲಿತ್ತು ಅಂತ ಬರೆದಿಲ್ಲ, ಅಷ್ಟೇ. ಯುದ್ಧದಲ್ಲಿ ಸ್ಯಾಪರ್ ಮಾಡುವ ದಾರಿ ಟ್ಯಾಂಕಿಗಿಂತ ಮುಂದೆ ಇರುತ್ತದೆ. ರಾತ್ರಿ ಹೊಟ್ಟೆ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ. ಸಿಕ್ಕಿದ್ದನ್ನು ತೆಗೆದು, ಎರಡೂ ಬದಿಗೆ ಬಿಳಿ ಪಟ್ಟಿ ಎಳೆದರೆ ಅದೇ ರಸ್ತೆ. ಬಸಂತರ್ ನದಿಯ ಹತ್ತಿರ ಡಿಸೆಂಬರ್ 15ರ ರಾತ್ರಿ ಈ ಕೆಲಸ ಮುಗಿಯುವ ಮೊದಲೇ, ಆಚೆ ಶತ್ರು ಟ್ಯಾಂಕುಗಳ ಓಡಾಟ ಶುರುವಾಯಿತು. ನಮ್ಮ ಸೇನೆಯ ಪೂನಾ ಹಾರ್ಸ್‌ನ ಟ್ಯಾಂಕುಗಳು ಪೂರ್ತಿ ತೆರವಾಗದ ಮೈನ್ ಫೀಲ್ಡಿನೊಳಗೇ ನುಗ್ಗಿದವು. ಮಾರನೇ ದಿನದ ಕಾಳಗದಲ್ಲಿ ತೀರಿಕೊಂಡು ಪರಮವೀರ ಚಕ್ರ ಪಡೆದ ಅರುಣ್ ಖೇತ್ರಪಾಲ್ ಹೆಸರು ಎಲ್ಲರಿಗೂ ಗೊತ್ತು. ದಾರಿ ಬಿಡಿಸಿದವರ ಹೆಸರು ಅವರವರ ಮನೆಯಲ್ಲೇ ಗೊತ್ತಿಲ್ಲ ನೋಡಿ.

17ಕ್ಕೆ ಕದನ ವಿರಾಮ ಆಯಿತು. ಊರಲ್ಲಿ ಪಟಾಕಿ ಹೊಡೆದರು. ನಮಗೆ ಮುಗಿದಿರಲಿಲ್ಲ. ಹೂತಿದ್ದ ಮೈನ್‌ಗಳನ್ನು ತೆಗೆಯುವ ಕೆಲಸ ಆಮೇಲೂ ಇತ್ತು. ನಮ್ಮ ಸೇನೆ ಆ ಜಾಗ ಬಿಟ್ಟು ವಾಪಸ್ ಬಂದದ್ದು ಶಿಮ್ಲಾ ಒಪ್ಪಂದದ ನಂತರ, 1972ರ ಕೊನೆಗೆ. ನಿಮ್ಮ ಕಟ್ಟಿನಲ್ಲಿರುವ ಪತ್ರಗಳ ತಾರೀಕು ನೋಡಿ, ಯುದ್ಧ ಮುಗಿದ ಮೇಲಿನವೇ ಹೆಚ್ಚಿರಬಹುದು.

ಕೆಲವರು ಸೆನ್ಸಾರ್ ಬಗ್ಗೆ ಕೇಳುತ್ತಾರೆ. ಹೌದು, ಯೂನಿಟ್ಟಿನ ಆಫೀಸರ್ ಓದಿದ ಮೇಲೆಯೇ ಪತ್ರ ಹೊರಡುತ್ತಿತ್ತು. ವಿಳಾಸ ಬರೀ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಜಾಗದ ಹೆಸರು ಬರೆದರೆ ಹೊಡೆದು ಹಾಕುತ್ತಿದ್ದರು. ಹೆದರಿಕೆ ಆಗ್ತಿದೆ ಅಂತ ಬರೆದಿದ್ದರೆ ಯಾರೂ ಹೊಡೆದು ಹಾಕುತ್ತಿರಲಿಲ್ಲ. ಅದನ್ನು ಹೊಡೆದು ಹಾಕಿಕೊಂಡವರು ನಾವೇ. ಆದರೂ ಎದೆಯಲ್ಲಿರುವುದನ್ನು ಒಬ್ಬನಿಗಾದರೂ ಹೇಳದೆ ಇರಲಾಗದು. ನಿಮ್ಮ ಅಪ್ಪ ತಮ್ಮನನ್ನು ಆರಿಸಿಕೊಂಡರು. 'ಹೇಳಬೇಡ' ಅಂದರು. ಆ ತಮ್ಮ ಸಾಯುವವರೆಗೂ ಮಾತು ಉಳಿಸಿಕೊಂಡ. ನೀವೂ ಉಳಿಸಿಕೊಳ್ಳಿ ಎಂಬುದು ನನ್ನ ಮಾತು.
(ನಿವೃತ್ತ ಹವಾಲ್ದಾರ್, ಸೋಮವಾರಪೇಟೆ)

ಗೌರವದಿಂದಲೇ ಒಂದು ಮಾತು: ಆ ಮಾತನ್ನು ಕೊಟ್ಟವರು ಚಿಕ್ಕಪ್ಪ. ಮಗಳು ಯಾರಿಗೂ ಮಾತು ಕೊಟ್ಟಿಲ್ಲ.

ಓದುವ ಗೊಡವೆ ಆಮೇಲಿರಲಿ, ಮೊದಲು ಪತ್ರ ಉಳಿಸಿ ಎಂದವರೂ ಇದ್ದಾರೆ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ಬಿಸಿ ತಾಗಿದರೆ ಶಾಯಿ ಹಾಳು, ಮತ್ತೆ ಬಿಡಿಸಲೂ ಆಗುವುದಿಲ್ಲ. ಮಡಿಕೆಯಲ್ಲಿ ಹರಿದಿದ್ದರೆ ಸೆಲ್ಲೋ ಟೇಪ್ ಹಚ್ಚಬೇಡಿ, ಕೆಲವು ವರ್ಷಕ್ಕೆ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಇಸ್ತ್ರಿ ಹಾಕುವವರನ್ನೂ ನೋಡಿದ್ದೇನೆ, ಕರ್ಮ. ಮಡಿಕೆ ಬಿಡಿಸಿ, ಎರಡೂ ಬದಿ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಇನ್‌ಲ್ಯಾಂಡ್ ಆದರೆ ಮುದ್ರೆ ಬಿದ್ದ ಬದಿಯನ್ನೂ ತೆಗೆಯಿರಿ, ಬರೆದ ತಾರೀಕು ಅಳಿಸಿದ್ದರೂ ಅಂಚೆ ಮುದ್ರೆ ಹೇಳುತ್ತದೆ. ಕ್ರಮಸಂಖ್ಯೆ ಹಾಕುವುದಾದರೆ ಪೆನ್ಸಿಲ್ಲಿನಲ್ಲಿ, ಮೂಲೆಯಲ್ಲಿ. ರಬ್ಬರ್ ಬ್ಯಾಂಡ್, ಗುಂಡುಪಿನ್ ತೆಗೆದುಬಿಡಿ.
(ಗ್ರಂಥಪಾಲಕಿ, ಮೈಸೂರು)

ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರ ಪತ್ರ ಏಳು ಪುಟ ಇತ್ತು. ಜಾಗ ಸಾಲದು, ಕ್ಷಮಿಸಬೇಕು.

...ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ನುಗ್ಗಿದ್ದನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ಅವರು ಮನೆಗೆ ಬರೆದ ಕಾಗದ ಎಷ್ಟು ಮನೆಯಲ್ಲಿ ಉಳಿದಿದೆ? ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳ ಪತ್ರಗಳ ಭಾಗಗಳನ್ನು ಇವತ್ತು ನಾವು ಓದಬಹುದು. ಯಾಕೆ ಗೊತ್ತೇ? ಮನೆಯವರು ಕಾಪಾಡಿದ್ದರಿಂದ ಅಲ್ಲ, ಸೆನ್ಸಾರಿನವರು ಅನುವಾದಿಸಿ ವರದಿಯಲ್ಲಿ ಸೇರಿಸಿದ್ದರಿಂದ. ಸಿಪಾಯಿಗಳೂ ಜಾಣರು. ಕಪ್ಪು ಮೆಣಸು, ಕೆಂಪು ಮೆಣಸು ಎಂದು ಬರೆಯುತ್ತಿದ್ದರು. ಕಪ್ಪು ಎಂದರೆ ನಮ್ಮವರು, ಕೆಂಪು ಎಂದರೆ ಬಿಳಿಯರು. ಕಪ್ಪು ಮೆಣಸು ಮುಗಿಯುತ್ತಾ ಬಂತು ಎಂದರೆ ಊರಲ್ಲಿ ಅರ್ಥವಾಗಬೇಕು, ಇನ್ನು ಬರಬೇಡಿ ಅಂತ. ಸೆನ್ಸಾರಿನವನಿಗೂ ಅರ್ಥವಾಯಿತು ಎನ್ನುವುದು ಬೇರೆ ಮಾತು. ನಿಮ್ಮ ಕಟ್ಟಿನ ಒಂದು ನಕಲನ್ನು ಯಾವುದಾದರೂ ಸಂಗ್ರಹಾಲಯಕ್ಕೆ ಕೊಡಿ...
(ಶಿವಮೊಗ್ಗ)

ಸಂಗ್ರಹಾಲಯದ ಬಾಗಿಲು ನಾಳೆಯೂ ತೆರೆದಿರುತ್ತದೆ. ಅಮ್ಮನಿಗೆ 76.

ಅಕ್ಕಾ, ಅಮ್ಮನಿಗೆ ಕುಟುಂಬ ಪಿಂಚಣಿ ಸರಿಯಾಗಿ ಬರ್ತಿದೆಯಾ? 71ರಲ್ಲಿ ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್ ಪದಕ ಇತ್ತು. ಅದು ಮನೆಯಲ್ಲಿದೆಯೋ ನೋಡಿ. ಇಲ್ಲದಿದ್ದರೆ ಸೈನಿಕ ನಂಬರ್ ಸಮೇತ ಸೇನೆಯ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯವರೂ ದಾರಿ ಹೇಳುತ್ತಾರೆ. ಹಳೇ ಪತ್ರದ ಹಿಂದೆ ನಂಬರ್ ಇದ್ದೇ ಇರುತ್ತದೆ, ಅದಕ್ಕಾದರೂ ಕಟ್ಟು ಉಪಯೋಗಕ್ಕೆ ಬರಲಿ.
(ಮಾಜಿ ಸೈನಿಕರ ಮಗ, ಬೆಳಗಾವಿ)

ಅಮ್ಮನ ಬಿಪಿ ಎಷ್ಟಿದೆ ಎಂದು ಕೇಳಿದವರು ಹಲವರು. ಬೇಕಾದದ್ದೇ ಪ್ರಶ್ನೆ. ಆದರೆ ಅಮ್ಮನಿಗೆ ಈಗಾಗಲೇ ಎಷ್ಟು ಗೊತ್ತಿದೆ ಎಂದು ಕೇಳಿದವರು ಇಬ್ಬರೇ. ಒಬ್ಬರು ಪೋಸ್ಟ್‌ಮ್ಯಾನ್ ಆಗಿದ್ದವರು.

ನಾನು ಕೆಲಸಕ್ಕೆ ಸೇರಿದ್ದು ಆ ಕಾಲದಲ್ಲೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಮಿಲಿಟರಿ ಕಾಗದ ಕೊಟ್ಟು ಹಾಗೇ ಬರುವಂತಿರಲಿಲ್ಲ, ಓದಿಯೇ ಬರಬೇಕು. 'ಉಭಯ ಕುಶಲೋಪರಿ' ಆದ ಮೇಲೆ ಏನಾದರೂ ಕೆಟ್ಟದ್ದು ಕಂಡರೆ ಆ ಸಾಲು ಹಾರಿಸಿ ಮುಂದೆ ಹೋಗುತ್ತಿದ್ದೆ. ಎಷ್ಟೇ ಸಲೀಸಾಗಿ ಹಾರಿಸಿದರೂ ಹೆಂಗಸರಿಗೆ ಗೊತ್ತಾಗಿಬಿಡುತ್ತಿತ್ತು. 'ಏನೋ ಬಿಟ್ರಲ್ಲಣ್ಣ' ಅನ್ನುವರು. ಇಲ್ಲಮ್ಮ ಅಂದರೆ ಸುಮ್ಮನಾಗುವರು. ನಂಬಿ ಸುಮ್ಮನಾದದ್ದಲ್ಲ ಅದು. ಮನೆಯವರ ಎದುರು ಕೇಳುವುದು ಬೇಡ ಅಂತ. ನಿಮ್ಮ ಅಮ್ಮ ಅಷ್ಟು ಪತ್ರಗಳನ್ನು ಮೈದುನನ ಬಾಯಲ್ಲಿ ಕೇಳಿದ್ದಾರೆ. ಆತನ ಮುಖ ನೋಡುತ್ತಲೇ ಕೇಳಿರುತ್ತಾರೆ ಅಲ್ವಾ?
(ಚಿಕ್ಕನಾಯಕನಹಳ್ಳಿ)

ಮುಂದಿನ ಪತ್ರ ಉದ್ದವಾಗಿದೆ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ತಂಗಿ, ನಿಮ್ಮ ಪ್ರಶ್ನೆಯಲ್ಲಿರುವ ಅಮ್ಮನ ಜಾಗದಲ್ಲಿ ನಾನು ಇದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಿಕೆಗೆ ಬರೆದು ಅಭ್ಯಾಸವಿಲ್ಲ.

ನಮ್ಮ ಯಜಮಾನರು 1987ರಲ್ಲಿ ಭಾರತದ ಶಾಂತಿ ಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದರು. ಯುದ್ಧಕ್ಕೆ ಹೋಗುತ್ತಿಲ್ಲವಲ್ಲ ಎಂದು ಮನೆಯಲ್ಲಿ ಯಾರೂ ಅಷ್ಟು ಹೆದರಲಿಲ್ಲ. ಅಕ್ಟೋಬರಿನಲ್ಲಿ ಜಾಫ್ನಾದಲ್ಲಿ ಕಾಳಗ ಶುರುವಾದ ಮೇಲೆ ರೇಡಿಯೋ ಹಾಕುವುದಕ್ಕೇ ಭಯ. ರೇಡಿಯೋ ಇವತ್ತಿನದು ಹೇಳುತ್ತದೆ. ಪತ್ರ ಬಂದರೆ ಅದು ಎಷ್ಟೋ ದಿನದ ಹಿಂದಿನದು. 'ಕ್ಷೇಮ' ಅಂತ ಬರೆದಿದ್ದರೆ ಬರೆಯುವಾಗ ಕ್ಷೇಮವಿದ್ದರು ಅಂತ ಮಾತ್ರ. ಈಗಿನ ಹುಡುಗಿಯರಿಗೆ ಇದು ಹೇಗೆ ಅರ್ಥವಾಗಬೇಕು, ಫೋನ್ ಒಂದು ಗಂಟೆ ಆಫ್ ಆದರೆ ಗಾಬರಿಯಾಗುತ್ತಾರೆ.

ಒಂದು ಪತ್ರ ಬಂತು, ಅಕ್ಷರ ಅವರದಲ್ಲ. ಮಾತು ಅವರದೇ. ಬೆರಳಿಗೆ ಸ್ವಲ್ಪ ಏಟಾಗಿದೆ, ಗೆಳೆಯನ ಕೈಲಿ ಬರೆಸಿದ್ದೇನೆ ಅಂತ ಇತ್ತು. ಯಾವತ್ತೂ ಇಲ್ಲದ ತಮಾಷೆ ಬೇರೆ. ಅವರು ತಮಾಷೆ ಮಾಡುವ ಗಂಡಸೇ ಅಲ್ಲ. ನಾನು ಅತ್ತೆಯವರನ್ನು ಕೇಳಿದೆ, ಭಾವನವರನ್ನು ಕೇಳಿದೆ. ಬೆರಳಿಗೆ ಅಂತೆ, ಅಂದರು ಎಲ್ಲರೂ. ಅಷ್ಟು ಹೊತ್ತಿಗೆ ಭಾವನವರ ಹೆಸರಿಗೆ ಬೇರೆ ಪತ್ರ ಬಂದು ಎಲ್ಲರೂ ಓದಿಯಾಗಿತ್ತು. ನೆಲಬಾಂಬು ಸಿಡಿದು ಕಾಲಿಗೆ ಏಟಾಗಿ ಅವರು ಮದ್ರಾಸಿನ ಆಸ್ಪತ್ರೆಯಲ್ಲಿದ್ದರು. ಅಷ್ಟು ಹತ್ತಿರ! ರಾತ್ರಿ ರೈಲು ಹತ್ತಿದ್ದರೆ ಬೆಳಿಗ್ಗೆ ಮುಖ ನೋಡಬಹುದಿತ್ತು. ನಾನು ಬಸುರಿ, ಹೇಳಬಾರದು ಅಂತ ಮನೆಯವರ ತೀರ್ಮಾನ. ಅವರು ಕುಂಟುತ್ತಾ ಮನೆಗೆ ಬಂದ ದಿನ ನಾನು ಅಳಲಿಲ್ಲ. ಅತ್ತೆ ಅದನ್ನೇ ಧೈರ್ಯ ಅಂತ ಊರಿಗೆಲ್ಲ ಹೇಳಿಕೊಂಡು ಬಂದರು.

ಆ ಪಡೆ 1990ರ ಮಾರ್ಚಿನಲ್ಲಿ ವಾಪಸಾಗುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ನನ್ನವರು ಬದುಕಿ ಬಂದರಲ್ಲ, ಅದಕ್ಕಿಂತ ಏನು ಬೇಕು ಅಂತ ಎಲ್ಲರೂ ಹೇಳಿದರು. ನಾನೂ ಹೇಳಿಕೊಂಡೆ.

ಅವರು ತೀರಿಕೊಂಡ ಮೇಲೆ ಭಾವನವರು ಆ ಪತ್ರಗಳನ್ನು ನನ್ನ ಕೈಗೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಓದುತ್ತಾ ನನಗೆ ಉರಿದು ಹೋದದ್ದು ಬಾಂಬಿನ ಸಂಗತಿಗಲ್ಲ, ಅದು ಗೊತ್ತಿದ್ದದ್ದೇ. ಅದರಲ್ಲಿ ಒಂದು ಸಾಲಿತ್ತು. 'ಅವಳು ಉಂಡಳೇ, ನಕ್ಕಳೇ ಬರೆದು ತಿಳಿಸು.' ಅಂದರೆ ಆ ದಿನಗಳಲ್ಲಿ ನಾನು ಉಣ್ಣುವುದನ್ನು ಇಡೀ ಮನೆ ನೋಡುತ್ತಿತ್ತು. ನೋಡಿ ಅವರಿಗೆ ಬರೆಯುತ್ತಿತ್ತು. ಎಲ್ಲರೂ ಒಂದು ಕಡೆ, ನಾನೊಬ್ಬಳೇ ಒಂದು ಕಡೆ. ಜೊತೆಗೆ ಈ ಮನುಷ್ಯ ಆಸ್ಪತ್ರೆಯಲ್ಲಿ ಬಿದ್ದುಕೊಂಡು ನನ್ನ ಊಟ ವಿಚಾರಿಸುತ್ತಿದ್ದರಲ್ಲ ಅಂತಲೂ ಅನಿಸಿತು. ಎರಡೂ ಒಟ್ಟಿಗೆ. ಯಾವುದಕ್ಕೆ ಅತ್ತೆನೋ ನನಗೇ ಗೊತ್ತಿಲ್ಲ.

ಭಾವನವರು ಈಗಲೂ ಇದ್ದಾರೆ. ಒಂದೇ ಮನೆ, ನಾನೇ ಬಡಿಸುವುದು. ಈ ವಿಷಯ ಇಬ್ಬರೂ ಎತ್ತಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಅರ್ಧ ಹೇಳಿದ ಹಾಗೆ. ಆ ಪತ್ರಗಳಲ್ಲಿ ಒಂದು ಪುಟ ಇದೆ. ಅಲ್ಲಿ ಒಂದು ಬೀದಿಯಲ್ಲಿ ಅವರು ಕಂಡದ್ದು. ಅದು ಗೊತ್ತಾಗದೇ ಇದ್ದಿದ್ದರೆ ನನಗೇನೂ ನಷ್ಟವಿರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳಿಗೂ ಹೇಳಿಲ್ಲ. ಆದರೂ ಆ ಪುಟವನ್ನು ಭಾವನವರು ತೆಗೆದಿಟ್ಟು ಮಿಕ್ಕಿದ್ದನ್ನು ಕೊಟ್ಟಿದ್ದರೆ, ಅದು ನನಗೆ ಗೊತ್ತಾಗಿದ್ದರೆ, ಇನ್ನೂ ಸಿಟ್ಟು ಬರುತ್ತಿತ್ತು.

ನಿಮ್ಮ ಅಮ್ಮನಿಗೆ ಓದಲು ಬಾರದು ಅಂದಿರಿ. ಹಾಗಾದರೆ ಕೂತು ಓದಿಬಿಡಬೇಡಿ. ಮೊದಲು ಕಟ್ಟನ್ನು ಅವರ ಕೈಗೆ ಕೊಡಿ. ಇದು ಅಪ್ಪ ಚಿಕ್ಕಪ್ಪನಿಗೆ ಬರೆದದ್ದು, ಯುದ್ಧದ್ದು, ನಿಮಗೆ ಬರೆದದ್ದರಂತೆ ಇಲ್ಲ, ಅಂತ ಹೇಳಿ. ಎಷ್ಟು ದಿನವಾದರೂ ಅವರ ಹತ್ತಿರವೇ ಇರಲಿ. ಓದು ಅಂದರೆ ಓದಿ. ಸಾಕು ಅಂದ ಕಡೆ ನಿಲ್ಲಿಸಿ. ಪೆಟ್ಟಿಗೆಯಲ್ಲಿಡು ಅಂದರೆ ಅವರ ಪೆಟ್ಟಿಗೆಯಲ್ಲೇ ಇಡಿ, ನಿಮ್ಮ ಮನೆಗೆ ತರಬೇಡಿ. 'ಪಿಡಬ್ಲ್ಯೂಡಿ ಸಿಪಾಯಿ' ಅಂದದ್ದಕ್ಕೆ ಅವರು ಸಂಕಟಪಡಬಹುದು ಅಂತ ನಿಮಗೆ ಹೆದರಿಕೆ. ಪಡಲಿ ಬಿಡಿ. ಗಂಡನ ಬಗ್ಗೆ ಸಂಕಟಪಡುವ ಹಕ್ಕನ್ನೂ ಇನ್ನೊಬ್ಬರು ತೆಗೆದುಕೊಂಡರೆ ಆಕೆಗೆ ಉಳಿಯುವುದೇನು?
(ಗೃಹಿಣಿ, ಸಕಲೇಶಪುರ)

ಮಡಿಕೇರಿಯ ಕಾಲೇಜು ಹುಡುಗಿಯೊಬ್ಬರ ಎರಡು ಸಾಲು: ಅಮ್ಮ ಓದು ಅಂದರೆ, ಪ್ರತಿ ಪತ್ರದ ಕೊನೆಯಲ್ಲಿರುವ 'ಅವಳಿಗೆ ಹೇಳಬೇಡ' ಅನ್ನುವುದನ್ನೂ ಬಿಡದೆ ಓದಿ. ಅದೂ ಅವರ ಬಗ್ಗೆಯೇ ಬರೆದದ್ದಲ್ವಾ?

ಪ್ರಶ್ನೆ ಕೇಳಿದ ಓದುಗಿಗೆ ಪ್ರಕಟವಾಗದ ಪತ್ರಗಳನ್ನೂ ಕಳಿಸಿದ್ದೆವು. ಅವರ ಉತ್ತರ: 'ದೀಪಾವಳಿಗೆ ಅಮ್ಮನ ಹತ್ತಿರ ಹೋಗುತ್ತಿದ್ದೇನೆ. ಕಟ್ಟು ತೆಗೆದುಕೊಂಡೇ ಹೋಗುತ್ತೇನೆ. ಫೋಟೋ ತೆಗೆದಾಗಿದೆ, ಲ್ಯಾಮಿನೇಷನ್ ಮಾಡಿಸಿಲ್ಲ. ಸೈನಿಕ ನಂಬರ್ ಸಿಕ್ಕಿದೆ.' ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಸಕಲೇಶಪುರದ ಓದುಗಿಗೆ ಬರೆಯಬೇಕೆನ್ನುವವರು ನಮ್ಮ ವಿಳಾಸಕ್ಕೆ ಕಳಿಸಬಹುದು, ತಲುಪಿಸುತ್ತೇವೆ.