ಪದಚರ್ಚೆ: ಪೆಟ್ಟು ಬೀಳದೆ ಮೂಡುವ ಕಲೆಗೆ ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೆ ಐಟಿಪಿ ಎಂಬ ಕಾಯಿಲೆ ಇದೆ. ಪೂರ್ತಿ ಹೆಸರು ಇಮ್ಯೂನ್ ಥ್ರಾಂಬೋಸೈಟೋಪೀನಿಯಾ. ನೆತ್ತರು ಸೋರುವುದನ್ನು ನಿಲ್ಲಿಸಲು ಬೇಕಾದ ಪ್ಲೇಟ್‌ಲೆಟ್ ಎಂಬ ಕಣಗಳು ರಕ್ತದಲ್ಲಿ ಕಡಿಮೆಯಾಗುವ ತೊಂದರೆ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ತೋರಿಸುವುದು ಮಂಗಳೂರಿನಲ್ಲಿ, ಫೈಲೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಮಾತು ಮಲೆಯಾಳ. ಮನೆಯೊಳಗೆ ಹವ್ಯಕ, ತೋಟದಲ್ಲಿ ತುಳು. ಈಗ ಮನೆಯವರಿಗೆ ಮತ್ತು ಹತ್ತಿರದ ನೆಂಟರಿಗೆ ಕೊಡಲು ಒಂದು ಪುಟದ ಟಿಪ್ಪಣಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಏನಾದರೂ ಆದಾಗ ಯಾವುದಕ್ಕೆ ನಾಳೆವರೆಗೆ ಕಾಯಬಹುದು, ಯಾವುದಕ್ಕೆ ಆಗಲೇ ಗಾಡಿ ಮಾಡಿಕೊಂಡು ಹೊರಡಬೇಕು ಎಂದು ಓದಿದವರಿಗೆ ಗೊತ್ತಾಗಬೇಕು. ಕೆಲವು ಪದಗಳು ಸಿಗುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲನೆಯದು ಮೈಮೇಲೆ ಏಳುವ ನೀಲಿ ಕಲೆ. ಎಲ್ಲೂ ತಾಗಿರುವುದಿಲ್ಲ, ಅಥವಾ ಬಾಗಿಲಿಗೆ ಸ್ವಲ್ಪ ಒರಗಿರುತ್ತೇನೆ, ಅಷ್ಟೇ. ಬೆಳಿಗ್ಗೆ ನೋಡಿದರೆ ತೋಳಿನ ಮೇಲೆ ಅಂಗೈಯಗಲ ನೀಲಿ. ಆಮೇಲೆ ಅದು ಹಸಿರಾಗಿ, ಹಳದಿಯಾಗಿ ಮಾಸುತ್ತದೆ. ಪತ್ರಿಕೆಗಳ ಆರೋಗ್ಯ ಅಂಕಣದಲ್ಲಿ ಇದಕ್ಕೆ 'ರಕ್ತ ಹೆಪ್ಪುಗಟ್ಟಿದ ಕಲೆ' ಎಂದು ಬರೆಯುತ್ತಾರೆ. ನಮ್ಮೂರಿನಲ್ಲಿಯೂ 'ನೆತ್ತರು ಹೆಪ್ಪುಗಟ್ಟಿದೆ' ಎನ್ನುವವರಿದ್ದಾರೆ. ನನಗೆ ಇದು ನಿಜಕ್ಕೂ ಹೆದರಿಕೆ ಹುಟ್ಟಿಸುವ ಮಾತು. ನನ್ನ ತೊಂದರೆ ಇರುವುದೇ ನೆತ್ತರು ಬೇಗ ಹೆಪ್ಪುಗಟ್ಟದೆ ಇರುವುದರಲ್ಲಿ. 'ಹೆಪ್ಪುಗಟ್ಟಿದೆ' ಎಂದು ಕೇಳಿದವರಿಗೆ ಹೃದಯಾಘಾತ, ಪಾರ್ಶ್ವವಾಯು ನೆನಪಾಗುತ್ತದೆ. ಹಿರಿಯರೊಬ್ಬರು ಪ್ರೀತಿಯಿಂದಲೇ ತಮ್ಮ ಆಸ್ಪಿರಿನ್ ಮಾತ್ರೆಯನ್ನು ಕೈಗಿಟ್ಟು, 'ಇದು ರಕ್ತ ತೆಳು ಮಾಡುತ್ತದೆ, ತೆಗೆದುಕೊ' ಎಂದದ್ದುಂಟು. ಐಟಿಪಿ ಇರುವವರು ವೈದ್ಯರು ಹೇಳದೆ ಮುಟ್ಟಬಾರದ ಮಾತ್ರೆ ಅದು. ಆಸ್ಪಿರಿನ್, ಐಬುಪ್ರೊಫೆನ್ ಇವೆಲ್ಲ ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ಹಾಗಾಗಿ ಹೆಪ್ಪು ಎಂಬ ಮಾತು ನನ್ನ ಟಿಪ್ಪಣಿಯಲ್ಲಿ ಬರಲೇಬಾರದು.

'ಬಾಸುಂಡೆ' ಒಳ್ಳೆಯ ಪದ. ಆದರೆ ಅದರ ಹಿಂದೆ ಕೋಲು ಇದೆ, ಹೊಡೆದವನು ಇದ್ದಾನೆ. ಮಲೆಯಾಳದ 'ಚತವ್' ಕೂಡ ಹಾಗೇ, ಪೆಟ್ಟಿನ ಮಾತು. ತೋಳಿನ ಕಲೆ ಕಂಡ ಹೆಂಗಸರು ನನ್ನನ್ನು ಬದಿಗೆ ಕರೆದು, 'ಎಂತ ಅಕ್ಕಾ ಇದು, ಮನೆಯಲ್ಲಿ ಏನಾದರೂ ತೊಂದರೆ ಉಂಟಾ?' ಎಂದು ಮೆಲ್ಲಗೆ ಕೇಳಿದ್ದಾರೆ. ಕೇಳಿದ್ದು ಒಳ್ಳೆಯದೇ, ಹಾಗೆ ಕೇಳುವವರು ಊರಿನಲ್ಲಿ ಇರಬೇಕು. ಆದರೆ ನನ್ನ ಗಂಡನ ಮುಖ ಆಗ ಸಣ್ಣದಾಗುತ್ತದೆ. ಪೆಟ್ಟನ್ನು ಒಳಗೆ ತಾರದ ಪದ ಬೇಕು. 'ಕಂದುಗಟ್ಟಿದೆ' ಎಂದರೆ ಬಣ್ಣವನ್ನಷ್ಟೇ ಹೇಳಿದಂತಾಗುತ್ತದೆ, ಕಾರಣದ ಗೊಡವೆ ಇಲ್ಲ. ನನ್ನ ಮನಸ್ಸಿಗೆ ಬಂದ ಇನ್ನೊಂದು 'ನೆತ್ತರು ಇಂಗಿದ ಕಲೆ'. ಸಣ್ಣ ರಕ್ತನಾಳದಿಂದ ನೆತ್ತರು ಹೊರಬಂದು ಚರ್ಮದಡಿ ಇಂಗುವುದೇ ಅಲ್ಲಿ ಆಗುವುದು. ಕೇಳಲು ಹೇಗಿದೆ? ನಿಮ್ಮ ಕಡೆ ಇದಕ್ಕಿಂತ ಸಹಜವಾದ ಮಾತು ಇದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು ಸಣ್ಣ ಕೆಂಪು ಚುಕ್ಕೆಗಳು. ಜಾಸ್ತಿ ಬರುವುದು ಮೊಣಕಾಲಿನ ಕೆಳಗೆ, ಕಣಕಾಲಿನ ಸುತ್ತ. ಒಂದೊಂದು ಒಂದೆರಡು ಮಿಲಿಮೀಟರ್ ಅಷ್ಟೇ. ಕಂಡವರು ಇದನ್ನು 'ದದ್ದು' ಅಥವಾ 'ಗಂಧೆ' ಎನ್ನುತ್ತಾರೆ. ಸೆಕೆಗಾಲವಾದರೆ 'ಬೆವರುಸಾಲೆ'. ಈ ಮೂರೂ ತುರಿಸುವಂಥವು, ಮೇಲೆ ಉಬ್ಬುವಂಥವು. ನನ್ನವು ತುರಿಸುವುದಿಲ್ಲ, ಕೈ ಆಡಿಸಿದರೆ ಗೊತ್ತೂ ಆಗುವುದಿಲ್ಲ. ಗಾಜಿನ ಲೋಟವನ್ನು ಒತ್ತಿ ನೋಡಿದರೆ ಸಾಧಾರಣ ಕೆಂಪು ಮಾಯವಾಗುತ್ತದೆ, ಇವು ಹಾಗೇ ಉಳಿಯುತ್ತವೆ. ಏಕೆಂದರೆ ನೆತ್ತರು ನಾಳದಿಂದ ಹೊರಗೆ ಬಂದಾಗಿದೆ. ದದ್ದು ಎಂದ ಕೂಡಲೇ ಅಲರ್ಜಿ ಮಾತ್ರೆ, ಕಹಿಬೇವು, ಅರಿಶಿನ ಬರುತ್ತವೆ, ರಕ್ತ ಪರೀಕ್ಷೆ ಹಿಂದೆ ಬೀಳುತ್ತದೆ. 'ನೆತ್ತರುಚುಕ್ಕೆ' ಎಂದು ಬರೆದಿದ್ದೇನೆ. ಇದರ ಬಗ್ಗೆ ನನಗೆ ಅಷ್ಟಾಗಿ ಅನುಮಾನವಿಲ್ಲ.

ಬಾಯೊಳಗೆ ಬರುವುದಕ್ಕೆ ಮಾತ್ರ ಪದವೇ ಇಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಕಪ್ಪು ಕೆಂಪು ಗುಳ್ಳೆ ಏಳುತ್ತದೆ, ಒಳಗೆ ನೆತ್ತರು ತುಂಬಿರುತ್ತದೆ. ಚರ್ಮದ ಮೇಲಿನ ಕಲೆಗಿಂತ ಇದನ್ನು ವೈದ್ಯರು ಹೆಚ್ಚು ಗಂಭೀರವಾಗಿ ನೋಡುತ್ತಾರೆ. ಆದರೆ ಬಾಯಲ್ಲಿ ಏನು ಬಂದರೂ ನಮಗೆ 'ಬಾಯಿಹುಣ್ಣು', ಅಲ್ವಾ? ಬಾಯಿಹುಣ್ಣಿಗೆ ಯಾರೂ ಮಂಗಳೂರಿಗೆ ಓಡುವುದಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ, ಮಜ್ಜಿಗೆ, ಮುಗಿಯಿತು. 'ನೆತ್ತರು ಗುಳ್ಳೆ' ಎಂದರೆ ಸಾಕೇ?

ವಸಡಿನಿಂದ, ಮೂಗಿನಿಂದ ಬರುವುದಕ್ಕೆ 'ರಕ್ತಸ್ರಾವ' ಎಂಬ ಒಂದೇ ಪದ ಎಲ್ಲದಕ್ಕೂ ನಡೆಯುತ್ತಿದೆ. ನಮ್ಮ ಹಳ್ಳಿಮಾತು ಇಲ್ಲಿ ಎಷ್ಟೋ ಚೂಪು. ಜಿನುಗು, ಒಸರು, ಸೋರು, ಸುರಿ: ಪ್ರತಿಯೊಂದೂ ಬೇರೆ ಅಳತೆ. ಹಲ್ಲುಜ್ಜಿದಾಗ ವಸಡು ಜಿನುಗಿದರೆ ಬರೆದಿಟ್ಟುಕೊಂಡು ಮುಂದಿನ ಸಲ ವೈದ್ಯರಿಗೆ ಹೇಳುತ್ತೇನೆ. ಮೂಗು ಒತ್ತಿ ಹಿಡಿದರೂ ಸೋರುತ್ತಲೇ ಇದ್ದರೆ ಹೊರಡಬೇಕು. ಮುಟ್ಟಿನಲ್ಲಿ ಸುರಿಯತೊಡಗಿದರೂ ಅಷ್ಟೇ. ನಾಚಿಕೊಂಡು 'ಸ್ವಲ್ಪ ಜಾಸ್ತಿ' ಎಂದರೆ ಆಗುವುದಿಲ್ಲ. ಜೋರು ತಲೆನೋವು ಒಮ್ಮೆಲೇ ಬಂದರೆ, ಕಣ್ಣು ಮಂಜಾದರೆ, ಮಲ ಕಪ್ಪಾದರೆ ಪದ ಹುಡುಕುವ ಹೊತ್ತಲ್ಲ, ಆಗಲೇ ಆಸ್ಪತ್ರೆ. ಟಿಪ್ಪಣಿಯಲ್ಲಿ ಈ ನಾಲ್ಕು ಕ್ರಿಯಾಪದಗಳನ್ನೇ ಇಟ್ಟುಕೊಂಡಿದ್ದೇನೆ. ಈ ಅಳತೆ ನಿಮ್ಮ ಕಡೆಯ ಕನ್ನಡದಲ್ಲಿಯೂ ಹೀಗೇ ಇದೆಯೇ? ಧಾರವಾಡ, ಸೊಲ್ಲಾಪುರ ಕಡೆಯವರು ಹೇಳಬೇಕು.

ಸುಸ್ತಿನ ವಿಷಯ. ತುಳುವಿನಲ್ಲಿ 'ಬಚ್ಚೆಲ್', ನಮ್ಮ ಮನೆಮಾತಿನಲ್ಲಿ 'ಬಚ್ಚುತ್ತು'. ಅದು ಅಡಿಕೆ ಹೆಕ್ಕಿ ಬಂದ ಮೇಲಿನ ದಣಿವು, ಮಲಗಿ ಎದ್ದರೆ ಇಳಿಯುತ್ತದೆ. ಐಟಿಪಿಯ ಸುಸ್ತು ಮಲಗಿ ಎದ್ದರೂ ಇಳಿಯುವುದಿಲ್ಲ. ಪ್ಲೇಟ್‌ಲೆಟ್ ಎಷ್ಟಿದೆ ಎನ್ನುವುದರ ಜೊತೆಗೇ ಅದು ಏರಿಳಿಯಬೇಕೆಂದೂ ಇಲ್ಲ. 'ನಿತ್ರಾಣ' ಹತ್ತಿರ ಬರುತ್ತದೆ ಎಂದು ನನ್ನ ಎಣಿಕೆ.

ಇನ್ನು ಕಾಯಿಲೆಯ ಜಾತಿಯ ಹೆಸರು. ಇಂಗ್ಲಿಷಿನ 'ಆಟೋಇಮ್ಯೂನ್' ಎಂಬುದಕ್ಕೆ 'ಸ್ವಯಂ ನಿರೋಧಕ ಕಾಯಿಲೆ' ಎಂದು ಬರೆಯುವುದನ್ನು ನೋಡಿದ್ದೇನೆ. ಓದಿದರೆ ತನ್ನಷ್ಟಕ್ಕೆ ತಾನೇ ರೋಗ ತಡೆಯುವ ಒಳ್ಳೆಯ ಗುಣದಂತೆ ಕೇಳುತ್ತದೆ! ಆಗುವುದು ಅದರ ತಿರುಗುಮುರುಗು. ಮೈ ಕಾಯಬೇಕಾದ ವ್ಯವಸ್ಥೆಯೇ ನಮ್ಮ ಪ್ಲೇಟ್‌ಲೆಟ್‌ಗಳಿಗೆ ಗುರುತು ಹಚ್ಚುತ್ತದೆ, ಹೆಚ್ಚಾಗಿ ಹೊಟ್ಟೆಯ ಎಡಬದಿಯ ಗುಲ್ಮ ಎಂಬ ಅಂಗದಲ್ಲಿ ಅವು ನಾಶವಾಗುತ್ತವೆ. ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಇಂಥ ರೋಗಿಯ ರಕ್ತವನ್ನು ತನಗೇ ಏರಿಸಿಕೊಂಡು ನೋಡಿದರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ನೆಲಕಚ್ಚಿತು. 1951ರಲ್ಲಿ ಅದು ಪ್ರಕಟವಾಯಿತು. ಮನೆಯಲ್ಲಿ ನಾನು 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎನ್ನುತ್ತೇನೆ, ಅತ್ತೆಗೆ ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ಗಾದೆ ಹೆಸರಾಗುವುದಿಲ್ಲ. ಚಿಕ್ಕ ಹೆಸರು ಹೊಳೆದರೆ ಹೇಳಿ. ವೈದ್ಯರೇ ಈ ಕಾಯಿಲೆಯ ಹೆಸರು ತಿದ್ದಿಕೊಂಡಿದ್ದಾರೆ. ಮೊದಲು 'ಇಡಿಯೋಪಥಿಕ್', ಅಂದರೆ ಕಾರಣ ತಿಳಿಯದ್ದು, ಎಂದಿತ್ತು. ಕೊನೆಯಲ್ಲಿ 'ಪರ್ಪ್ಯುರಾ', ಅಂದರೆ ಚರ್ಮದ ಮೇಲಿನ ನೇರಳೆ ಕಲೆ, ಎಂದೂ ಇತ್ತು. ಮೈ ಕಾಯುವ ವ್ಯವಸ್ಥೆಯ ಕೈವಾಡ ಗೊತ್ತಾಗಿದೆ, ಎಷ್ಟೋ ಜನರಿಗೆ ಕಲೆಗಳೇ ಇರುವುದಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಸಲಹೆಯಲ್ಲಿ ಅವೆರಡನ್ನೂ ಬಿಟ್ಟರು.

'ಪ್ಲೇಟ್‌ಲೆಟ್' ಪದವನ್ನು ಹಾಗೇ ಇಡುತ್ತೇನೆ. ಪಠ್ಯಪುಸ್ತಕದ 'ಕಿರುತಟ್ಟೆ' ಚೆಂದವಿದೆ, ಆದರೆ ಊರಿಗೆಲ್ಲ ಗೊತ್ತಿರುವುದು 'ಕೌಂಟ್'. ಡೆಂಗ್ಯೂ ಅದನ್ನು ಕಲಿಸಿದೆ. ಮಳೆಗಾಲದಲ್ಲಿ 'ಕೌಂಟ್ ಕುರಞ್ಞು' ಎಂದು ಮಲೆಯಾಳದಲ್ಲಿ, 'ಕೌಂಟ್ ಇಳಿದಿದೆ' ಎಂದು ಕನ್ನಡದಲ್ಲಿ. ಒಂದು ತೊಡಕಿದೆ. ಕೌಂಟ್ ಎಂದ ಕೂಡಲೇ ಪಪ್ಪಾಯಿ ಎಲೆಯ ರಸ ಬರುತ್ತದೆ, 'ಪ್ಲೇಟ್‌ಲೆಟ್ ಏರಿಸಿದರಾಯ್ತು, ನಾವೇ ಕೊಡುತ್ತೇವೆ' ಎಂದು ಹುಡುಗರು ಮುಂದೆ ಬರುತ್ತಾರೆ. ಅವರ ಒಳ್ಳೆಯ ಮನಸ್ಸು ದೊಡ್ಡದು. ಆದರೆ ಡೆಂಗ್ಯೂವಿನಲ್ಲಿ ಇಳಿದ ಕೌಂಟ್ ಕೆಲವು ದಿನಗಳಲ್ಲಿ ತಾನೇ ಏರುತ್ತದೆ. ನನ್ನಲ್ಲಿ ಹೊರಗಿನಿಂದ ಏರಿಸಿದ್ದೂ ಬೇಗ ನಾಶವಾಗುತ್ತದೆ. ಸಾಮಾನ್ಯವಾಗಿ ಜೋರು ರಕ್ತ ಹೋಗುವಾಗ ಮಾತ್ರ ಅದನ್ನು ಕೊಡುತ್ತಾರೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಸಾಧಾರಣ ಲೆಕ್ಕ. ಅದಕ್ಕಿಂತ ಎಷ್ಟೋ ಕೆಳಗಿದ್ದೂ ಅಡುಗೆ, ತೋಟ, ಮದುವೆ ಮನೆ ಎಲ್ಲ ನಡೆಸುವವರಿದ್ದಾರೆ. ಇದನ್ನು 'ಕೌಂಟ್ ಇಳಿದಿದೆ' ಎನ್ನದೆ 'ಕೌಂಟ್ ಕೆಳಗೇ ಇರುತ್ತದೆ' ಎಂದು ಬರೆಯಲೇ? ಹಾಗೆ ಬರೆದರೆ ಡೆಂಗ್ಯೂ ಅಲ್ಲ ಎಂದು ಓದಿದವರಿಗೆ ಹೊಳೆಯುತ್ತದೆಯೇ, ನಿಮ್ಮ ಅಭಿಪ್ರಾಯ ಬೇಕು.